ಅಗ್ಗದ ಹಸಿರು ಲೇಸರ್ ಮಾಡ್ಯೂಲ್: ಕೊಳ್ಳುವ ಮುನ್ನ ಮತ್ತು ಕೊಂಡ ದಿನ

ಪ್ರಶ್ನೆ: ನಾನು ದಾವಣಗೆರೆಯವನು, ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿದ್ದೇನೆ. ನಮ್ಮ ಬಡಾವಣೆಯ ಗಣೇಶೋತ್ಸವಕ್ಕೆ ಪೆಂಡಾಲ್ ಪಕ್ಕದ ಗೋಡೆಯ ಮೇಲೆ ಅಕ್ಷರ ಮತ್ತು ರೇಖಾಚಿತ್ರ ಮೂಡಿಸುವ ಲೇಸರ್ ಪ್ರೊಜೆಕ್ಟರ್ ಕಟ್ಟುತ್ತಿದ್ದೇನೆ. 20 ಕೆಪಿಪಿಎಸ್ (ಸೆಕೆಂಡಿಗೆ 20 ಸಾವಿರ ಬಿಂದು) ಗ್ಯಾಲ್ವೊ ಸೆಟ್, ಅಂದರೆ ಕಿರಣವನ್ನು ತಿರುಗಿಸುವ ಪುಟ್ಟ ಕನ್ನಡಿಗಳ ಜೋಡಿ, ತಂದಾಗಿದೆ. ಹಸಿರು ಮಾಡ್ಯೂಲ್ ವಿಚಾರದಲ್ಲಿ ಸಿಕ್ಕಿಬಿದ್ದಿದ್ದೇನೆ. ಒಂದು 532 ನ್ಯಾನೊಮೀಟರ್, 200 ಮಿಲಿವ್ಯಾಟ್, 12 ವೋಲ್ಟ್, ಫ್ಯಾನ್ ಮತ್ತು ಟಿಟಿಎಲ್ (ಲೇಸರನ್ನು ಹಚ್ಚಿ ಆರಿಸುವ ಸಂಕೇತದ ತಂತಿ) ಇರುವಂಥದ್ದು. ಇನ್ನೊಂದು 520 ನ್ಯಾನೊಮೀಟರ್, 80 ಮಿಲಿವ್ಯಾಟ್. ಬೆಲೆ ಹೆಚ್ಚು ಕಡಿಮೆ ಒಂದೇ. ಅದೇ ದುಡ್ಡಿಗೆ 200 ಸಿಗುವಾಗ 80 ಏಕೆ ಎನ್ನುತ್ತಾರೆ ಸ್ನೇಹಿತರು. ಯಾವುದು ಕೊಳ್ಳಲಿ? ಬಂದ ಮಾಡ್ಯೂಲ್ ಚೆನ್ನಾಗಿದೆಯೋ ಇಲ್ಲವೋ ಎಂದು ಮನೆಯಲ್ಲೇ ಪರೀಕ್ಷಿಸುವುದು ಹೇಗೆ? ಮುಂದೆ ಕೆಂಪು, ನೀಲಿ ಸೇರಿಸುವ ಆಸೆಯೂ ಇದೆ.

ಉತ್ತರ: ಎಂಬತ್ತರದ್ದನ್ನೇ ಕೊಳ್ಳಿ. ಕಾರಣ ಸ್ವಲ್ಪ ಉದ್ದವಾಗಿದೆ. ಅದು ಗೊತ್ತಿದ್ದರೆ ಕೊಂಡ ಮಾಡ್ಯೂಲನ್ನು ಪರೀಕ್ಷಿಸಲೂ ಅನುಕೂಲ, ಹಾಗಾಗಿ ಬಿಡಿಸಿ ಹೇಳುತ್ತೇನೆ.

ಈ ಎರಡೂ ಹಸಿರೇ ಆದರೂ ಹುಟ್ಟುವ ಬಗೆ ಬೇರೆ. 520ರದ್ದು ನೇರ ಡಯೋಡ್. ಕರೆಂಟ್ ಕೊಟ್ಟರೆ ಚಿಪ್‌ನಿಂದಲೇ ಹಸಿರು ಬರುತ್ತದೆ. 532ರದ್ದು ಹಾಗಲ್ಲ. ಅದರೊಳಗೆ ಮೊದಲು 808 ನ್ಯಾನೊಮೀಟರಿನ ಇನ್ಫ್ರಾರೆಡ್ ಡಯೋಡ್ ಉರಿಯುತ್ತದೆ, ಆ ಬೆಳಕು ಕಣ್ಣಿಗೆ ಕಾಣುವುದಿಲ್ಲ. ಅದು ನಿಯೊಡೈಮಿಯಮ್ ಬೆರೆಸಿದ ವ್ಯಾನಡೇಟ್ ಹರಳಿಗೆ ಬಿದ್ದು 1064 ನ್ಯಾನೊಮೀಟರಿನ ಇನ್ನೊಂದು ಇನ್ಫ್ರಾರೆಡ್ ಲೇಸರ್ ಆಗುತ್ತದೆ. ಆಮೇಲೆ ಕೆಟಿಪಿ ಎಂಬ ಹರಳು ಅದರ ಆವರ್ತನವನ್ನು ಎರಡು ಪಟ್ಟು ಮಾಡಿ, 1064ರ ಅರ್ಧವಾದ 532ಕ್ಕೆ ಇಳಿಸುತ್ತದೆ. ಇದಕ್ಕೆ ಡಿಪಿಎಸ್ಎಸ್ ಎನ್ನುತ್ತಾರೆ. ಅಗ್ಗದ ಮಾಡ್ಯೂಲ್‌ಗಳಲ್ಲಿ 808ರ ಶಕ್ತಿಯ ನೂರಕ್ಕೆ ಹತ್ತರಿಂದ ಇಪ್ಪತ್ತರಷ್ಟು ಮಾತ್ರ ಹಸಿರಾಗುತ್ತದೆ. ಅಂದರೆ ನಿಜವಾದ 200 ಮಿಲಿವ್ಯಾಟ್ ಹಸಿರಿನ ಹಿಂದೆ 1ರಿಂದ 2 ವ್ಯಾಟ್ ಇನ್ಫ್ರಾರೆಡ್ ನಿಂತಿರುತ್ತದೆ. ಉಳಿದದ್ದರಲ್ಲಿ ಬಹುಪಾಲು ಒಳಗೇ ಬಿಸಿಯಾಗಿ ಹೋಗುತ್ತದೆ. ಒಂದಷ್ಟು ಹಸಿರಿನ ಜೊತೆಗೇ ಹೊರಗೆ ಬರುತ್ತದೆ. ಅದನ್ನು ತಡೆಯಲು ಬಾಯಿಯ ಬಳಿ ಒಂದು ಸಣ್ಣ ಇನ್ಫ್ರಾರೆಡ್ ಫಿಲ್ಟರ್ ಇರಬೇಕು. ಬೆಲೆ ಇಳಿಸಲು ಹೊರಟವರು ಮೊದಲು ತೆಗೆದುಹಾಕುವುದು ಆ ಗಾಜಿನ ಚೂರನ್ನೇ, ಏಕೆಂದರೆ ಅದಿಲ್ಲದಿದ್ದರೂ ಗೋಡೆಯ ಮೇಲಿನ ಹಸಿರು ಚುಕ್ಕಿ ಹಾಗೆಯೇ ಕಾಣುತ್ತದೆ.

2010ರಲ್ಲಿ ಅಳತೆ, ಮಾನದಂಡಗಳನ್ನು ನೋಡಿಕೊಳ್ಳುವ ಅಮೆರಿಕದ ನಿಸ್ಟ್ ಸಂಸ್ಥೆಯ ವಿಜ್ಞಾನಿಗಳು ಅಗ್ಗದ ಹಸಿರು ಪಾಯಿಂಟರ್ ಒಂದನ್ನು ಅಳೆದು ವರದಿ ಪ್ರಕಟಿಸಿದರು. ಲೇಬಲ್‌ನಲ್ಲಿ 10 ಮಿಲಿವ್ಯಾಟ್ ಎಂದಿತ್ತು. ಹಸಿರು ಮಂಕಾಗಿತ್ತು, ಆದರೆ ಅದರಿಂದ ಸುಮಾರು 20 ಮಿಲಿವ್ಯಾಟ್ ಇನ್ಫ್ರಾರೆಡ್ ಹೊರಬೀಳುತ್ತಿತ್ತು. ಕಣ್ಣಿನ ಮಟ್ಟಿಗೆ ಇದು ಬಹಳ ಕೆಟ್ಟ ಸಂದರ್ಭ. ಪ್ರಖರವಾದ ಹಸಿರು ಬಿದ್ದರೆ ನಾವು ಕಾಲು ಸೆಕೆಂಡಿನೊಳಗೆ ರೆಪ್ಪೆ ಮುಚ್ಚುತ್ತೇವೆ. ಹಸಿರು ಮಂಕಾಗಿದ್ದರೆ ರೆಪ್ಪೆ ಮುಚ್ಚುವುದಿಲ್ಲ, ಕಾಣದ ಬೆಳಕು ಮಾತ್ರ ರೆಟಿನಾದ ಮೇಲೆ ಕೂತು ಸುಡುತ್ತಿರುತ್ತದೆ.

ಈಗ ಆ 200 ಎಂಬ ಅಂಕಿಗೆ ಬರೋಣ. ಮಾರುವವರು ವಿಡಿಯೊದಲ್ಲಿ ಪವರ್ ಮೀಟರ್ ಮುಂದೆ ಮಾಡ್ಯೂಲ್ ಹಿಡಿದು 200 ತೋರಿಸುತ್ತಾರೆ. ಆ ಮೀಟರ್‌ಗಳು ಹೆಚ್ಚಾಗಿ ಬಿಸಿಯನ್ನು ಅಳೆಯುವಂಥವು. ಬಿದ್ದದ್ದು ಹಸಿರೋ ಇನ್ಫ್ರಾರೆಡ್ಡೋ ಎಂಬ ಭೇದ ಅವಕ್ಕಿಲ್ಲ, ಎಲ್ಲವನ್ನೂ ಕೂಡಿಸಿ ತೋರಿಸುತ್ತವೆ. ಕೆಲವು ವರ್ಷಗಳ ಹಿಂದೆ 100 ಮಿಲಿವ್ಯಾಟ್ ಎಂದು ಬರೆದಿದ್ದ ಮಾಡ್ಯೂಲ್ ಒಂದನ್ನು ನಾನೂ ತರಿಸಿದ್ದೆ. ಮೀಟರ್ 100ರ ಮೇಲೆಯೇ ತೋರಿಸಿತು, ಖುಷಿಯಾಯಿತು. ನಡುವೆ ಇನ್ಫ್ರಾರೆಡ್ ತಡೆಯುವ ಗಾಜು ಇಟ್ಟು ಮತ್ತೆ ಅಳೆದಾಗ ಉಳಿದದ್ದು ಅರ್ಧಕ್ಕಿಂತ ಕಡಿಮೆ. ಅಲ್ಲಿಯವರೆಗೆ ಎರಡು ದಿನ ಅದನ್ನು ಬರಿಗಣ್ಣಿನಲ್ಲಿ ಮೇಜಿನ ಮೇಲೆ ಹೊಂದಿಸುತ್ತಿದ್ದೆ ಎಂಬುದನ್ನು ನೆನೆದರೆ ಈಗಲೂ ಭಯವಾಗುತ್ತದೆ.

ಮೀಟರ್ ಇಲ್ಲದವರಿಗೂ ಒಂದು ಸುಲಭ ಲೆಕ್ಕವಿದೆ. ಮಲ್ಟಿಮೀಟರಿನಲ್ಲಿ ಮಾಡ್ಯೂಲ್ ಎಳೆಯುವ ಕರೆಂಟ್ ನೋಡಿ, ಫ್ಯಾನಿನ ಕರೆಂಟ್ ಕಳೆದು, ವೋಲ್ಟಿನಿಂದ ಗುಣಿಸಿ. ಅಗ್ಗದ ಡಿಪಿಎಸ್ಎಸ್‌ನಲ್ಲಿ ಒಳಗೆ ಹೋದ ವಿದ್ಯುತ್ತಿನ ನೂರಕ್ಕೆ ಐದರಷ್ಟು ಹಸಿರಾಗಿ ಬಂದರೆ ಅದೇ ಒಳ್ಳೆಯ ಫಲ. 200 ಮಿಲಿವ್ಯಾಟ್ ಬೇಕಾದರೆ ಸುಮಾರು 4 ವ್ಯಾಟ್ ಒಳಗೆ ಹೋಗಬೇಕು. ಮಾಡ್ಯೂಲ್ ಎಳೆಯುತ್ತಿರುವುದೇ ಒಂದೂವರೆ ವ್ಯಾಟ್ ಆದರೆ ಲೇಬಲ್ ಸುಳ್ಳು ಹೇಳುತ್ತಿದೆ.

ನಿಜವಾದ 200 ಸಿಕ್ಕರೆ ಅದು 80ಕ್ಕಿಂತ ಪ್ರಖರ ಅಲ್ಲವೇ ಎಂದು ನೀವು ಕೇಳಬಹುದು. ಹೌದು. ನಮ್ಮ ಕಣ್ಣು ಹಗಲಿನಲ್ಲಿ 555 ನ್ಯಾನೊಮೀಟರಿಗೆ ಅತಿ ಚುರುಕು. 532ರಲ್ಲಿ ಆ ಚುರುಕಿನ ನೂರಕ್ಕೆ 88ರಷ್ಟು, 520ರಲ್ಲಿ 71ರಷ್ಟು ಉಳಿಯುತ್ತದೆ. ಲ್ಯೂಮೆನ್ (ಕಣ್ಣಿಗೆ ಕಾಣುವ ಬೆಳಕಿನ ಅಳತೆ) ಲೆಕ್ಕದಲ್ಲಿ ನಿಜವಾದ 200 ಮಿಲಿವ್ಯಾಟಿನ 532 ಸುಮಾರು 120 ಲ್ಯೂಮೆನ್ ಆದರೆ 80ರ 520 ಸುಮಾರು 39. ಮೂರು ಪಟ್ಟು ವ್ಯತ್ಯಾಸ ಕಾಗದದ ಮೇಲೆ ದೊಡ್ಡದು. ಆದರೆ ನಿಮ್ಮ ಕೆಲಸಕ್ಕೆ ಎಷ್ಟು ಬೇಕು ಎಂದು ನೋಡಿ. ಗೋಡೆಯ ಮೇಲಿನ ಚಿತ್ರದ ಎಲ್ಲ ಗೆರೆಗಳನ್ನು ಸೇರಿಸಿದರೆ 10 ಮೀಟರ್ ಉದ್ದ, ಗೆರೆಯ ದಪ್ಪ 5 ಮಿಲಿಮೀಟರ್ ಅಂದುಕೊಳ್ಳಿ. ಒಟ್ಟು ಬೆಳಗಬೇಕಾದ ಜಾಗ 0.05 ಚದರ ಮೀಟರ್ ಮಾತ್ರ. ಕನ್ನಡಿಗಳಲ್ಲಿ, ಗೆರೆ ಹಾರಿಸುವ ಹೊತ್ತಿನಲ್ಲಿ ಅರ್ಧ ಬೆಳಕು ಹೋಯಿತೆಂದರೂ ಗೆರೆಯ ಮೇಲೆ 400 ಲಕ್ಸ್ (ಚದರ ಮೀಟರಿಗೆ ಬೀಳುವ ಲ್ಯೂಮೆನ್) ಹತ್ತಿರ ಉಳಿಯುತ್ತದೆ. ಓದುವ ಮೇಜಿನ ಮೇಲೆ ಬೇಕೆನ್ನುವುದು 300ರಿಂದ 500 ಲಕ್ಸ್. ಪೆಂಡಾಲಿನ ಸೀರಿಯಲ್ ಲೈಟುಗಳನ್ನು ಆ ಗೋಡೆಯಿಂದ ಸ್ವಲ್ಪ ದೂರ ಕಟ್ಟಿಸಿದರೆ ಅಕ್ಷರ ಹೊಳೆಯುತ್ತದೆ. ಸುಣ್ಣ ಬಳಿದ ಬಿಳಿ ಗೋಡೆಯಾದರೆ ಇನ್ನೂ ಚೆನ್ನ.

ಪ್ರೊಜೆಕ್ಟರಿಗೆ ಪ್ರಖರತೆಗಿಂತ ದೊಡ್ಡ ವಿಷಯ ಬ್ಲ್ಯಾಂಕಿಂಗ್. ಒಂದು ಗೆರೆ ಮುಗಿಸಿ ಇನ್ನೊಂದರ ಶುರುವಿಗೆ ಕನ್ನಡಿ ಹಾರುವಾಗ ಲೇಸರ್ ಆರಬೇಕು, ತಲುಪಿದೊಡನೆ ಹೊತ್ತಬೇಕು. ಕನ್ನಡದ ಅಕ್ಷರಗಳು ದುಂಡಗಿರುವುದರಿಂದ ಗ್ಯಾಲ್ವೊಗೆ ಹಿತ. ಮೂಲೆಗಳಲ್ಲಿ ಹೆಣಗಾಡದೆ ಕನ್ನಡಿ ಸಲೀಸಾಗಿ ತಿರುಗುತ್ತದೆ. ಆದರೆ ನಮ್ಮಲ್ಲಿ ಬಿಡಿ ತುಂಡುಗಳು ಜಾಸ್ತಿ: ತಲೆಕಟ್ಟು, ಒತ್ತಕ್ಷರ, ದೀರ್ಘ. ‘ಶ್ರೀ ಗಣೇಶಾಯ ನಮಃ’ ಎಂದು ಬರೆಯಲು ಎಷ್ಟು ಸಲ ಪೆನ್ನು ಎತ್ತುತ್ತೀರಿ ಎಂದು ಕಾಗದದ ಮೇಲೆ ಎಣಿಸಿ ನೋಡಿ. ಅಷ್ಟೂ ಸಲ ಲೇಸರ್ ಆರಿ ಹೊತ್ತಬೇಕು, ಅದೂ ಚಿತ್ರ ಮಿನುಗದಿರಲು ಸೆಕೆಂಡಿಗೆ ಹತ್ತಾರು ಬಾರಿ. 20 ಕೆಪಿಪಿಎಸ್ ಎಂದರೆ ಒಂದು ಬಿಂದುವಿಗೆ ಸಿಗುವುದು 50 ಮೈಕ್ರೋಸೆಕೆಂಡ್.

ಇಲ್ಲಿ ಡಿಪಿಎಸ್ಎಸ್ ಸೋಲುತ್ತದೆ. ವ್ಯಾನಡೇಟ್ ಹರಳು ಶಕ್ತಿ ತುಂಬಿಕೊಂಡು ಲೇಸರ್ ಶುರುಮಾಡಲು ಸಮಯ ತೆಗೆದುಕೊಳ್ಳುತ್ತದೆ. ಆ ಹರಳಿನಲ್ಲಿ ಶಕ್ತಿ ನಿಲ್ಲುವ ಅವಧಿಯೇ ಸುಮಾರು 100 ಮೈಕ್ರೋಸೆಕೆಂಡ್. ಹಾಗಾಗಿ ಪೂರ್ತಿ ಆರಿಸಿ ಹೊತ್ತಿಸಿದಾಗ ಗೆರೆಯ ಮೊದಲ ತುದಿ ನುಂಗಿಹೋಗುತ್ತದೆ, ಅಥವಾ ಶುರುವಿನಲ್ಲೇ ಒಂದು ಪ್ರಖರ ಚುಕ್ಕಿ ಹಾರುತ್ತದೆ. ಅಗ್ಗದ ಡ್ರೈವರ್ (ಲೇಸರಿಗೆ ಕರೆಂಟ್ ಕೊಡುವ ಸರ್ಕ್ಯೂಟ್) ಆದರೆ ಆರುವುದೂ ನಿಧಾನ, ಗೆರೆಗೆ ಬಾಲ ಬೆಳೆಯುತ್ತದೆ. ನೇರ ಡಯೋಡಿಗೆ ಈ ತಾಪತ್ರಯವಿಲ್ಲ. ಕರೆಂಟ್ ಹೋದ ಕ್ಷಣ ಬೆಳಕೂ ಹೋಗುತ್ತದೆ. ಅಲ್ಲಿ ಮಿತಿ ಏನಿದ್ದರೂ ಡ್ರೈವರಿನದು.

ಪರೀಕ್ಷಿಸಲು ಆಸಿಲೊಸ್ಕೋಪ್ ಬೇಕಿಲ್ಲ, ಗ್ಯಾಲ್ವೊ ನಿಮ್ಮ ಕೈಯಲ್ಲೇ ಇದೆ. ಸಾಫ್ಟ್‌ವೇರಿನಲ್ಲಿ ಒಂದು ತುಂಡುಗೆರೆ ಬರೆಯಿರಿ. ನಾಲ್ಕು ಬಿಂದು ಬೆಳಕು, ನಾಲ್ಕು ಬಿಂದು ಕತ್ತಲೆ, ಹೀಗೆ ಸಾಲಾಗಿ. ಮೊದಲು 5 ಕೆಪಿಪಿಎಸ್‌ನಲ್ಲಿ, ಆಮೇಲೆ 10, ಆಮೇಲೆ 20ರಲ್ಲಿ ಓಡಿಸಿ. 20ರಲ್ಲಿ ಒಂದು ತುಂಡಿಗೆ ಸಿಗುವುದು 200 ಮೈಕ್ರೋಸೆಕೆಂಡ್. ಮಾಡ್ಯೂಲ್ 100 ಮೈಕ್ರೋಸೆಕೆಂಡ್ ತಡ ಮಾಡಿದರೆ ಅರ್ಧ ತುಂಡು ಮಾಯವಾಗಿರುತ್ತದೆ, ಕಣ್ಣಿಗೆ ಎದ್ದು ಕಾಣುತ್ತದೆ. ತುಂಡುಗೆರೆ ಸರಿಬಂದ ಮೇಲೆ ‘ನಮಃ’ ಬರೆಸಿ ವಿಸರ್ಗದ ಎರಡು ಸೊನ್ನೆಗಳನ್ನು ದಿಟ್ಟಿಸಿ. ಒಳ್ಳೆಯ ಮಾಡ್ಯೂಲಿನಲ್ಲಿ ಎರಡು ಪುಟ್ಟ ಬಳೆಗಳು ಬೇರೆ ಬೇರೆಯಾಗಿ ನಿಲ್ಲುತ್ತವೆ. ಬಾಲ ಬಿಡುವ ಮಾಡ್ಯೂಲಿನಲ್ಲಿ ನಡುವೆ ಒಂದು ಮಸುಕು ಗೆರೆ ಬಂದು ಅದು ಇಂಗ್ಲಿಷಿನ ಎಂಟರಂತೆ ಆಗಿಬಿಡುತ್ತದೆ. ತಡ ಯಾವಾಗಲೂ ಒಂದೇ ಸಮ ಇದ್ದರೆ ಸಾಫ್ಟ್‌ವೇರಿನಲ್ಲಿ ಬಣ್ಣದ, ಅಂದರೆ ಲೇಸರ್ ಹಚ್ಚಿ ಆರಿಸುವ, ಸಂಕೇತವನ್ನು ಒಂದೆರಡು ಬಿಂದು ಮುಂದಕ್ಕೋ ಹಿಂದಕ್ಕೋ ಸರಿಸಿ ಸರಿಪಡಿಸಬಹುದು. ಡಿಪಿಎಸ್ಎಸ್‌ನಲ್ಲಿ ಆ ತಡ ಬಿಸಿಯೊಂದಿಗೆ ಬದಲಾಗುತ್ತದೆ. ಸಂಜೆ ಏಳಕ್ಕೆ ಹೊಂದಿಸಿದ್ದು ಎಂಟಕ್ಕೆ ತಪ್ಪಿರುತ್ತದೆ.

ಬಿಸಿಯ ಮಾತು ಬಂದಿದ್ದರಿಂದ ಅದನ್ನೂ ಹೇಳಿಬಿಡುತ್ತೇನೆ. 808ರ ಡಯೋಡ್ ಪ್ರತಿ ಡಿಗ್ರಿ ಬಿಸಿಗೆ ಸುಮಾರು 0.3 ನ್ಯಾನೊಮೀಟರ್ ಜಾರುತ್ತದೆ. ಪೆಟ್ಟಿಗೆಯೊಳಗೆ 25ರಿಂದ 45 ಡಿಗ್ರಿಗೆ ಏರಿದರೆ 6 ನ್ಯಾನೊಮೀಟರ್ ಆಯಿತು. ಹರಳು ಚೆನ್ನಾಗಿ ಹೀರಿಕೊಳ್ಳುವುದು 808ರ ಆಸುಪಾಸಿನ ಕೆಲವೇ ನ್ಯಾನೊಮೀಟರುಗಳನ್ನು. ಜಾರಿದಂತೆ ಹಸಿರು ಇಳಿಯುತ್ತದೆ, ಹೀರಿಕೊಳ್ಳದೆ ಉಳಿದ ಇನ್ಫ್ರಾರೆಡ್ ಹೆಚ್ಚುತ್ತದೆ. ದುಬಾರಿ ಡಿಪಿಎಸ್ಎಸ್‌ಗಳಲ್ಲಿ ಇದಕ್ಕೆಂದೇ ಪೆಲ್ಟಿಯರ್ ತಂಪುಕಾರಕ ಇರುತ್ತದೆ. ನಿಮ್ಮ ಬೆಲೆಯ ಮಾಡ್ಯೂಲಿನಲ್ಲಿ ಫ್ಯಾನ್ ಮಾತ್ರ. ಜೊತೆಗೆ ಬರುವ ಚೀಟಿಯಲ್ಲಿ ‘ಒಂದು ನಿಮಿಷ ಹಚ್ಚಿ, ಅರ್ಧ ನಿಮಿಷ ಆರಿಸಿ’ ಎಂಬಂಥ ಸೂಚನೆ ಕಂಡರೆ ಅದು ಪ್ರೊಜೆಕ್ಟರಿಗೆ ಅಲ್ಲ ಎಂದೇ ತಿಳಿಯಿರಿ. ಮಂಗಳಾರತಿಯಿಂದ ಶುರುವಾಗಿ ಮೂರು ಗಂಟೆ ಓಡಬೇಕಾದ ಯಂತ್ರ ನಿಮ್ಮದು. ಯಾವ ಮಾಡ್ಯೂಲ್ ಬಂದರೂ ಮೊದಲ ದಿನವೇ ಮುಚ್ಚಿದ ಪೆಟ್ಟಿಗೆಯಲ್ಲಿ ಇಟ್ಟು, ಬಿಳಿ ಕಾಗದದಿಂದ ಚೆದುರಿದ ಬೆಳಕನ್ನು ಒಂದು ಫೋಟೊಡಯೋಡಿಗೆ ಬೀಳಿಸಿ, ಮಲ್ಟಿಮೀಟರಿನ ಅಂಕಿಯನ್ನು ನಿಮಿಷಕ್ಕೊಮ್ಮೆ ಬರೆದುಕೊಳ್ಳಿ. ಒಂದು ಗಂಟೆ ಸಾಕು. ನಿಧಾನವಾಗಿ ಸ್ವಲ್ಪ ಇಳಿದು ನಿಂತರೆ ಸರಿ. ಏರುತ್ತಾ ಇಳಿಯುತ್ತಾ ಹೋದರೆ ವಾಪಸು ಕಳಿಸಿ.

ಇನ್ಫ್ರಾರೆಡ್ ಸೋರುತ್ತಿದೆಯೇ ಎಂದು ನೋಡಲು ಹಳೆಯ ಸಿಡಿ ಸಾಕು. ಸಿಡಿಯ ಗೆರೆಗಳ ನಡುವಿನ ಅಂತರ 1.6 ಮೈಕ್ರಾನ್, ಅದು ಬಣ್ಣಗಳನ್ನು ಬಿಡಿಸಿ ಬೇರೆ ಬೇರೆ ಕೋನಕ್ಕೆ ಕಳಿಸುತ್ತದೆ. ಬಿಳಿ ರಟ್ಟಿನಲ್ಲಿ ಸಣ್ಣ ತೂತು ಮಾಡಿ, ಅದರ ಮೂಲಕ ಕಿರಣ ಹಾಯಿಸಿ, 10 ಸೆಂಟಿಮೀಟರ್ ಆಚೆ ಸಿಡಿಯನ್ನು ಕಿರಣಕ್ಕೆ ನೇರ ಎದುರಾಗಿ ನಿಲ್ಲಿಸಿ. ರಟ್ಟಿನ ಮೇಲೆ ತೂತಿನಿಂದ ಮೂರೂವರೆ ಸೆಂಟಿಮೀಟರ್ ದೂರದಲ್ಲಿ ಹಸಿರು ಚುಕ್ಕಿ ಕಾಣುತ್ತದೆ. 808 ಇದ್ದರೆ ಅದು ಆರು ಸೆಂಟಿಮೀಟರಿಗೆ ಸ್ವಲ್ಪ ಒಳಗೆ ಬೀಳುತ್ತದೆ. ಬರಿಗಣ್ಣಿಗೆ ಅಲ್ಲಿ ಏನೂ ಕಾಣದು. ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಸಾಮಾನ್ಯವಾಗಿ ಇನ್ಫ್ರಾರೆಡ್ ತಡೆ ಇರುವುದರಿಂದ ಅದಕ್ಕೂ ಕಾಣದು. ರಾತ್ರಿ ಮೋಡ್ ಇರುವ ಸಿಸಿಟಿವಿ ಕ್ಯಾಮೆರಾಗೆ ಕಾಣುತ್ತದೆ. ಟಿವಿ ರಿಮೋಟಿನ ತುದಿ ಅದರಲ್ಲಿ ಬೆಳಗಿದರೆ ಆ ಕ್ಯಾಮೆರಾ ಈ ಕೆಲಸಕ್ಕೆ ಆಗುತ್ತದೆ. ಸುಮಾರು ಒಂಬತ್ತು ಸೆಂಟಿಮೀಟರಿನಲ್ಲಿ ಇನ್ನೊಂದು ಹಸಿರು ಚುಕ್ಕಿ ಇರುತ್ತದೆ, ಅದನ್ನು ನೋಡಿ ಮೋಸಹೋಗಬೇಡಿ. 1064 ಎಂಬುದು 532ರ ಸರಿಯಾಗಿ ಎರಡರಷ್ಟು. ಆದ್ದರಿಂದ 1064ರ ಮೊದಲ ಚುಕ್ಕಿ ಹಸಿರಿನ ಎರಡನೇ ಚುಕ್ಕಿಯ ಮೇಲೆಯೇ ಬಂದು ಕೂರುತ್ತದೆ, ಸಿಡಿಯಿಂದ ಅವೆರಡನ್ನು ಬೇರ್ಪಡಿಸಲಾಗದು. 808 ಕಂಡರೆ ಸಾಕು, ಫಿಲ್ಟರ್ ಇಲ್ಲವೆಂದು ತೀರ್ಮಾನಿಸಿ.

ಈ ಪರೀಕ್ಷೆಗೆ ಕೂರುವ ಮೊದಲು ಕನ್ನಡಕ ಬೇಕು. ಇದರಲ್ಲಿ ರಾಜಿ ಮಾಡಿಕೊಳ್ಳಬೇಡಿ. 1 ಮಿಲಿವ್ಯಾಟಿನವರೆಗಿನ ಕಾಣುವ ಲೇಸರಿಗೆ ಮಾತ್ರ ರೆಪ್ಪೆಯ ರಕ್ಷಣೆ ಸಾಕಾಗುತ್ತದೆ. ನೀವು ಹೇಳಿದ ಎರಡೂ ಮಾಡ್ಯೂಲ್‌ಗಳು ಲೇಸರ್ ಅಪಾಯದ 3ಬಿ ದರ್ಜೆಯವು. ಆ ದರ್ಜೆ 500 ಮಿಲಿವ್ಯಾಟಿನವರೆಗೆ ಹೋಗುತ್ತದೆ, ನೇರ ಕಿರಣವಾಗಲಿ ಕನ್ನಡಿಯ ಪ್ರತಿಫಲನವಾಗಲಿ ರೆಪ್ಪೆ ಮುಚ್ಚುವಷ್ಟರಲ್ಲೇ ಗಾಯ ಮಾಡಬಲ್ಲದು. ಸಿಡಿ ಎಂದರೆ ಕನ್ನಡಿಯೇ. ಕನ್ನಡಕದ ಅಂಚಿನ ಮೇಲೆ ಯಾವ ನ್ಯಾನೊಮೀಟರಿಗೆ ಎಷ್ಟು ಒಡಿ (ಬೆಳಕು ತಡೆಯುವ ಪ್ರಮಾಣ) ಎಂದು ಮುದ್ರಿಸಿರಬೇಕು. 532ಕ್ಕೂ 520ಕ್ಕೂ ಒಡಿ 4 ಅಥವಾ ಹೆಚ್ಚು, ಡಿಪಿಎಸ್ಎಸ್ ಆದರೆ 808 ಮತ್ತು 1064ಕ್ಕೂ ಅಷ್ಟೇ. ಒಡಿ 4 ಎಂದರೆ ಹತ್ತು ಸಾವಿರದಲ್ಲಿ ಒಂದು ಪಾಲು ಮಾತ್ರ ಒಳಗೆ ಬರುತ್ತದೆ. ಮಾಡ್ಯೂಲಿನ ಜೊತೆ ಉಚಿತವಾಗಿ ಬರುವ ಹಸಿರು ಬಣ್ಣದ ಪ್ಲಾಸ್ಟಿಕ್ ಕನ್ನಡಕವನ್ನು ಹಾಕಿಕೊಳ್ಳಬೇಡಿ. ಗಾಜು ಹಸಿರಾಗಿ ಕಾಣುತ್ತಿದೆ ಎಂದರೆ ಹಸಿರನ್ನು ಒಳಗೆ ಬಿಡುತ್ತಿದೆ ಎಂದೇ ಅರ್ಥ. ಮಾಡ್ಯೂಲನ್ನು ಕೈಯಲ್ಲಿ ಹಿಡಿಯದೆ ಕ್ಲಾಂಪಿನಲ್ಲಿ ಬಿಗಿಯಿರಿ. ಕಿರಣ ಕೂತವರ, ನಿಂತವರ ಕಣ್ಣಿನ ಮಟ್ಟದಲ್ಲಿ ಇರದಿರಲಿ, ಕೊನೆಯಲ್ಲಿ ಕಪ್ಪು ಬಳಿದ ಇಟ್ಟಿಗೆಗೆ ಬಡಿಯಲಿ. ಮನೆಯಲ್ಲಿ ಮಕ್ಕಳಿದ್ದರೆ ಕೋಣೆಗೆ ಚಿಲಕ ಹಾಕಿ. ಚುಕ್ಕಿಗಳನ್ನು ಕ್ಯಾಮೆರಾದ ಪರದೆಯಲ್ಲೇ ನೋಡಿ.

532ರ ಪರವಾಗಿ ಒಂದು ಮಾತು ಹೇಳಲೇಬೇಕು. ಅದರ ಕಿರಣ ದುಂಡಗೆ, ಸಪೂರವಾಗಿ ಬಹಳ ದೂರ ಹೋಗುತ್ತದೆ. ಬಹು-ಮೋಡಿನ ದೊಡ್ಡ 520 ಡಯೋಡುಗಳಲ್ಲಿ, ಅಂದರೆ ಅರ್ಧ ವ್ಯಾಟ್, ಒಂದು ವ್ಯಾಟಿನವುಗಳಲ್ಲಿ, ಚುಕ್ಕಿ ಉದ್ದನೆಯ ಪಟ್ಟಿಯಂತೆ ಹರಡುತ್ತದೆ, ಸರಿಪಡಿಸಲು ಸಿಲಿಂಡರ್ ಲೆನ್ಸ್ ಬೇಕು. ನೀವು ನೋಡಿರುವ 80 ಮಿಲಿವ್ಯಾಟಿನದು ಸಿಂಗಲ್ ಮೋಡ್ (ಒಂದೇ ಸಪೂರ ಕಿರಣ ಕೊಡುವ) ಡಯೋಡ್ ಇರುವ ಸಾಧ್ಯತೆ ಹೆಚ್ಚು, ಅದರಲ್ಲಿ ಈ ತೊಂದರೆ ಅಷ್ಟಿಲ್ಲ. ಆದರೂ ಅಳೆಯಿರಿ. 1 ಮೀಟರ್ ದೂರದಲ್ಲಿ ಚುಕ್ಕಿಯ ಅಗಲ, 9 ಮೀಟರ್ ದೂರದಲ್ಲಿ ಅಗಲ, ವ್ಯತ್ಯಾಸವನ್ನು 8ರಿಂದ ಭಾಗಿಸಿ. 3 ಮಿಲಿಮೀಟರ್ ಇದ್ದದ್ದು 15 ಆದರೆ ಒಂದೂವರೆ ಮಿಲಿರೇಡಿಯನ್ (ಮೀಟರಿಗೆ ಒಂದೂವರೆ ಮಿಲಿಮೀಟರ್ ಹರಡುವಿಕೆ), ನಿಮ್ಮ ಗೋಡೆಗೆ ಸಾಕು. ಗ್ಯಾಲ್ವೊದ ಮೊದಲ ಕನ್ನಡಿಯ ಮೇಲೆ ಕಿರಣ ಪೂರ್ತಿ ಕೂರುತ್ತದೆಯೇ ಎಂದೂ ನೋಡಿ. ಅಂಚಿನಿಂದ ಚೆಲ್ಲಿದ ಹಸಿರು ಪೆಟ್ಟಿಗೆಯೊಳಗೆ ಎಲ್ಲೆಂದರಲ್ಲಿ ಸುತ್ತಿ ಚಿತ್ರದ ಸುತ್ತ ಮಸುಕು ತರುತ್ತದೆ.

ಟಿಟಿಎಲ್ ತಂತಿಯ ವಿಚಾರದಲ್ಲಿ ಒಂದು ಸಣ್ಣ ಪರೀಕ್ಷೆ ಮರೆಯಬೇಡಿ. ಆ ತಂತಿಯನ್ನು ಕಿತ್ತು ಪವರ್ ಮಾತ್ರ ಕೊಡಿ. ಲೇಸರ್ ಆರಿಯೇ ಇರಬೇಕು. ಕೆಲವು ಡ್ರೈವರುಗಳಲ್ಲಿ ತಂತಿ ಬಿಟ್ಟರೆ ಪೂರ್ತಿ ಹೊತ್ತಿಕೊಳ್ಳುತ್ತದೆ. ಜನರ ನಡುವೆ ಕನೆಕ್ಟರ್ ಸಡಿಲವಾದ ಹೊತ್ತಿಗೆ ನಿಂತ ಕಿರಣ ಹೊರಗೆ ಹೋಗುವುದು ಹೀಗೆಯೇ. ಟಿಟಿಎಲ್ ಮತ್ತು ಗ್ರೌಂಡ್ ನಡುವೆ 10 ಕಿಲೊಓಮ್ ರೆಸಿಸ್ಟರ್ ಹಾಕಿ ಮತ್ತೆ ನೋಡಿ. ಆಗಲೂ ಹೊತ್ತಿದರೆ ಆ ಡ್ರೈವರ್ ಬೇಡ. ಜೊತೆಗೆ, 520ರ ಡಯೋಡ್ ಸ್ಥಿರ ವಿದ್ಯುತ್ತಿಗೆ ಬೇಗ ಸಾಯುತ್ತದೆ. ಎರಡು ಪಿನ್ನಿನ ಸೋಲ್ಡರಿಂಗ್ ಐರನ್ ಬದಿಗಿಟ್ಟು ಅರ್ತಿಂಗ್ ಇರುವ ಮೂರು ಪಿನ್ನಿನದನ್ನು ಬಳಸಿ.

ಉತ್ಸವದ ದಿನ ಕಿರಣವನ್ನು ಜನರ ಮೇಲೆ ಹಾಯಿಸಬೇಡಿ, ಯಾರು ಕೇಳಿದರೂ ಒಪ್ಪಬೇಡಿ. 2022ರಲ್ಲಿ ಕೊಲ್ಹಾಪುರದ ಗಣೇಶ ವಿಸರ್ಜನೆಯ ನಂತರ ಲೇಸರಿನಿಂದ ರೆಟಿನಾಗೆ ಪೆಟ್ಟಾಗಿ ಅನೇಕರು ಕಣ್ಣಿನ ವೈದ್ಯರ ಬಳಿ ಹೋದರು. ಅಂಥ ಗಾಯ ಅನೇಕ ವೇಳೆ ಮರಳಿ ವಾಸಿಯಾಗುವುದಿಲ್ಲ. ಪ್ರೊಜೆಕ್ಟರನ್ನು ಮೂರು ಮೀಟರಿಗಿಂತ ಎತ್ತರದಲ್ಲಿ ಕಟ್ಟಿ. ಚಿತ್ರದ ಕೆಳ ಅಂಚು ಯಾರ ತಲೆಗೂ ಇಳಿಯದಂತೆ ಪೆಟ್ಟಿಗೆಯ ಬಾಯಿಗೆ ತಗಡಿನ ಮರೆ ಹಾಕಿ, ಸಾಫ್ಟ್‌ವೇರಿನ ಮಿತಿಯನ್ನು ಮಾತ್ರ ನಂಬಬೇಡಿ. ಆಕಾಶಕ್ಕೆ ಬಿಡಲೇಬಾರದು, ವಿಮಾನದ ಪೈಲಟ್‌ಗೆ ಅದು ಕಣ್ಣು ಕತ್ತಲಿಸುತ್ತದೆ. ಕೈಗೆಟುಕುವಲ್ಲಿ ಒಂದು ಕೆಂಪು ಎಮರ್ಜೆನ್ಸಿ ಸ್ವಿಚ್ ಇಡಿ, ಅದು 12 ವೋಲ್ಟನ್ನೇ ಕಡಿಯುವಂತಿರಲಿ.

ಬೆಂಗಳೂರಿನ ಎಸ್‌ಪಿ ರಸ್ತೆಗೆ ಬಂದು ಕೊಳ್ಳುವುದಾದರೆ ಅಂಗಡಿಯಲ್ಲೇ ಹಚ್ಚಿ ತೋರಿಸಿ ಎಂದು ಕೇಳಿ. ಆನ್‌ಲೈನಿನಲ್ಲಾದರೆ ವಾಪಸಿನ ಅವಧಿ ಮುಗಿಯುವ ಮೊದಲೇ ಮೇಲಿನ ಪರೀಕ್ಷೆಗಳನ್ನು ಮುಗಿಸಿ.

ಕೆಂಪು, ನೀಲಿ ಸೇರಿಸುವ ಆಸೆ ಒಳ್ಳೆಯದೇ, 80ರ ಹಸಿರು ಅದಕ್ಕೂ ಹೊಂದುತ್ತದೆ. 520ರ ಹಸಿರು 80 ಮಿಲಿವ್ಯಾಟ್ ಇದ್ದರೆ, ಬಿಳಿ ಬರಲು 638ರ ಕೆಂಪು ಸುಮಾರು 120, 450ರ ನೀಲಿ 45ರಿಂದ 50 ಮಿಲಿವ್ಯಾಟ್ ಬೇಕು. ಅಗ್ಗವೆಂದು 650ರ ಕೆಂಪಿಗೆ ಹೋದರೆ 190ರ ಹತ್ತಿರ ಬೇಕಾಗುತ್ತದೆ, ಏಕೆಂದರೆ ಕಣ್ಣಿಗೆ ಅದು 638ರ ಅರ್ಧಕ್ಕಿಂತ ಸ್ವಲ್ಪ ಮಾತ್ರ ಹೆಚ್ಚು ಪ್ರಖರ. ಮೂರೂ ಟಿಟಿಎಲ್ ಆದರೆ ಸಿಗುವುದು ಏಳೇ ಬಣ್ಣ. ನಡುವಿನ ಛಾಯೆಗಳು ಬೇಕಾದರೆ ಅನಲಾಗ್ ಮಾಡ್ಯುಲೇಶನ್ (ಬೆಳಕನ್ನು ಬೇಕಾದಷ್ಟು ಏರಿಳಿಸುವ ಸೌಲಭ್ಯ) ಇರುವ ಡ್ರೈವರ್ ಬೇಕು, ಹಸಿರನ್ನು ಕೊಳ್ಳುವಾಗಲೇ ಅದನ್ನು ಕೇಳಿ ನೋಡಿ. ಬೇಸ್ ಪ್ಲೇಟಿನಲ್ಲಿ ಈಗಲೇ ಇನ್ನೆರಡು ಮಾಡ್ಯೂಲಿಗೂ ಎರಡು ಡೈಕ್ರೊಯಿಕ್ (ಒಂದು ಬಣ್ಣವನ್ನು ಹಾಯಲು ಬಿಟ್ಟು ಇನ್ನೊಂದನ್ನು ತಿರುಗಿಸುವ) ಕನ್ನಡಿಗಳಿಗೂ ಜಾಗ ಬಿಟ್ಟು ತೂತು ಕೊರೆದಿಡಿ. ಪ್ಲೇಟಿನಿಂದ ಹಸಿರು ಕಿರಣದ ಎತ್ತರ ಎಷ್ಟು ಮಿಲಿಮೀಟರ್ ಎಂದು ಅಳೆದು ಪೆಟ್ಟಿಗೆಯ ಒಳಮೈಯಲ್ಲಿ ಮಾರ್ಕರಿನಿಂದ ಬರೆದಿಟ್ಟುಕೊಳ್ಳಿ, ಮುಂದೆ ತರುವ ಎರಡನ್ನೂ ಅದೇ ಎತ್ತರಕ್ಕೆ ಕೂರಿಸಬೇಕಾಗುತ್ತದೆ.